99 ಪೈಸೆ ಜಮೀನು ಮತ್ತು ನಮ್ಮ ಕಾಕಾನ ಹೊಲ

1/9
ಫೋಟೋದಲ್ಲಿ ಕಾಣ್ತಿರೋದು ನಮ್ಮ ಕಾಕಾನ ಹೊಲ. ಹೊಲ ಆಗಿತ್ತು ಅನ್ನಬೇಕು ಈಗ. ದೀಪಾವಳಿಗೆ ಊರಿಗೆ ಹೋದಾಗ ತೆಗೆದದ್ದು. ಎಡಗಡೆ ತುಕ್ಕು ಹಿಡಿದ ಬೋರ್ಡು. ಅದರ ಮೇಲೆ "ಕೈಗಾರಿಕಾ ಪ್ರದೇಶ" ಅಂತ ಬರೆದಿತ್ತು, ಈಗ ಅರ್ಧ ಅಕ್ಷರ ಮಾತ್ರ ಉಳಿದಿದೆ. ಹಿಂದೆ ಕಾಣೋದೆಲ್ಲ ಜಾಲಿ.

ನಾನು ಐದನೇ ಕ್ಲಾಸಲ್ಲಿ ಇದ್ದಾಗ ಇಲ್ಲಿ ತೊಗರಿ ಬೆಳೀತಿತ್ತು. ಕಂಪನಿ ಬರುತ್ತೆ, ಮನೆಗೊಂದು ಕೆಲಸ ಸಿಗುತ್ತೆ ಅಂತ ಹೇಳಿ 4 ಎಕರೆ ತಗೊಂಡ್ರು. ನಾನೀಗ ಬಿ.ಕಾಂ. ಕೊನೇ ವರ್ಷ. ಕಂಪನಿ ಬಂದಿಲ್ಲ. ಕಾಕಾನ ಮಗ ಬೆಂಗಳೂರಲ್ಲಿ ಒಂದು ಟೆಕ್ ಪಾರ್ಕಿನ ಗೇಟಲ್ಲಿ ಸೆಕ್ಯುರಿಟಿ ಕೆಲಸ ಮಾಡ್ತಾನೆ. "ಕಂಪನಿ ನಮ್ಮ ಹೊಲಕ್ಕ ಬರಲಿಲ್ಲ, ಅದಕ್ಕ ನಾನೇ ಕಂಪನಿ ಹತ್ರ ಬಂದೀನಿ" ಅಂತ ನಗ್ತಾನೆ. ನನಗೆ ನಗು ಬರಲ್ಲ.

ಕಳೆದ ವಾರ ಕ್ಲಾಸಲ್ಲಿ ಜೋರು ವಾದ ಆಯ್ತು. "ಗೂಗಲ್ ವೈಜಾಗ್‌ಗೆ ಹೋಯ್ತು, ನಮ್ಮ ಸರ್ಕಾರ ಏನೂ ಡಿಸ್ಕೌಂಟ್ ಕೊಡಲ್ಲ, ಹೀಗೇ ಆದ್ರೆ ನಮಗೆಲ್ಲ ಕೆಲಸ ಎಲ್ಲಿ ಸಿಗುತ್ತೆ?" ಅಂತ ಒಬ್ಬರು. "ರೈತರು ಜಮೀನು ಕೊಡಲ್ಲ, ಅದೇ ಸಮಸ್ಯೆ" ಅಂತ ಇನ್ನೊಬ್ಬರು. ನಾನು ಆವತ್ತು ಸುಮ್ಮನಿದ್ದೆ, ಬಾಯಿ ಬಿಟ್ರೆ ಅಳು ಬರೋ ಥರ ಇತ್ತು. ಅದಕ್ಕೇ ಇಲ್ಲಿ ಬರೀತಿದೀನಿ. ಒಂಬತ್ತು ಪೋಸ್ಟ್, ಕಾಫಿ ಹಿಡ್ಕೊಂಡು ಓದಿ.

ನನ್ನ ಮಾತು ಇಷ್ಟೇ. ಡಿಸ್ಕೌಂಟ್ ಪೈಪೋಟಿಯಲ್ಲಿ ಯಾವ ರಾಜ್ಯವೂ ಗೆಲ್ಲಲ್ಲ. ಕೊಡಲೇಬೇಕು ಅಂದ್ರೆ ಕೆಲಸ ತೋರಿಸಿದ ಮೇಲೆ ಕೊಡಿ, ಲೆಕ್ಕ ಎಲ್ಲರ ಮುಂದೆ ಇಡಿ. ಉಳಿದ ದುಡ್ಡಲ್ಲಿ ಊರನ್ನ ತಯಾರು ಮಾಡಿ.

2/9
ಮೊದಲು ಬೇಸಿಕ್ಸ್. ಒಂದು ರಾಜ್ಯ ಕಂಪನಿಗೆ ಏನು ಕೊಡೋಕೆ ಸಾಧ್ಯ?

ಕಂಪನಿಯ ಲಾಭದ ಮೇಲಿನ ತೆರಿಗೆ ಕೇಂದ್ರದ್ದು. 2019ರಲ್ಲಿ, ಬೇರೆ ವಿನಾಯಿತಿ ಬಿಟ್ಟುಕೊಡೋ ಕಂಪನಿಗಳಿಗೆ ಅದು 22%ಗೆ ಇಳೀತು. ಫ್ಯಾಕ್ಟರಿ ಬೀದರಲ್ಲಿದ್ರೂ ಅದೇ, ಚೆನ್ನೈಯಲ್ಲಿದ್ರೂ ಅದೇ. ರಾಜ್ಯಕ್ಕೆ ಅದರಲ್ಲಿ ಕೈ ಹಾಕೋ ಅಧಿಕಾರ ಇಲ್ಲ.

ಹಾಗಾಗಿ ರಾಜ್ಯದ ಕೈಯಲ್ಲಿ ಉಳಿಯೋದು ಬೇರೆ ಸಾಮಾನು: ಕಡಿಮೆ ಬೆಲೆಗೆ ಜಮೀನು, ಸ್ಟಾಂಪ್ ಡ್ಯೂಟಿ ಮಾಫಿ, ವಿದ್ಯುತ್ ತೆರಿಗೆ ಮಾಫಿ, ಹಾಕಿದ ಬಂಡವಾಳದಲ್ಲಿ ಇಷ್ಟು ಪರ್ಸೆಂಟ್ ಸಬ್ಸಿಡಿ, ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ವಾಪಸ್.

ಇಲ್ಲಿ ಒಂದು ವಿಷಯ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಜಿಎಸ್‌ಟಿ ಸಿಗೋದು ವಸ್ತು ಬಳಕೆಯಾಗೋ ರಾಜ್ಯಕ್ಕೆ. ಕೋಲಾರದ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ತಯಾರಾಗುತ್ತೆ. ಅದು ಲಖನೌನಲ್ಲಿ ಮಾರಾಟ ಆದ್ರೆ ತೆರಿಗೆಯ ರಾಜ್ಯ ಪಾಲು ಉತ್ತರ ಪ್ರದೇಶಕ್ಕೆ ಹೋಗುತ್ತೆ, ನಮಗಲ್ಲ. 2017ರ ಜುಲೈಗೆ ಮುಂಚೆ ತಯಾರಿಸಿದ ರಾಜ್ಯಕ್ಕೂ ಸ್ವಲ್ಪ ಸಿಗ್ತಿತ್ತು. ಈಗ ಅದೂ ಇಲ್ಲ.

ಹಾಗಾದ್ರೆ ಫ್ಯಾಕ್ಟರಿ ಬಂದ್ರೆ ನಮಗೇನು ಲಾಭ? ಸಂಬಳ. ಆ ಸಂಬಳದಿಂದ ನಡೆಯೋ ಅಂಗಡಿ, ಬಾಡಿಗೆ ಮನೆ, ಖಾನಾವಳಿ. ಬೋಲ್ಟು ನಟ್ಟು ಮಾಡಿಕೊಡೋ ಪಕ್ಕದ ಸಣ್ಣ ವರ್ಕ್‌ಶಾಪು. ಇಷ್ಟೇ, ಆದ್ರೆ ಇದೇ ದೊಡ್ಡದು. ಅದಕ್ಕೇ ಕಂಪನಿ ಎಷ್ಟು ಕೋಟಿ ತರುತ್ತೆ ಅನ್ನೋದಕ್ಕಿಂತ ಎಷ್ಟು ಜನಕ್ಕೆ, ಯಾವ ಊರಿನ ಜನಕ್ಕೆ, ಎಷ್ಟು ಸಂಬಳ ಅನ್ನೋದನ್ನ ಮೊದಲು ಕೇಳಬೇಕು. ಪೇಪರ್ ಹೆಡ್‌ಲೈನಲ್ಲಿ ಬರೋದು ಮಾತ್ರ ಯಾವಾಗಲೂ ಕೋಟಿ.

3/9
ಈಗ ವೈಜಾಗ್ ವಿಷಯ.

2025ರ ಏಪ್ರಿಲಲ್ಲಿ ಆಂಧ್ರ ಸರ್ಕಾರ ಟಿಸಿಎಸ್‌ಗೆ ವಿಶಾಖಪಟ್ಟಣದಲ್ಲಿ 21.16 ಎಕರೆಯನ್ನ 99 ಪೈಸೆಗೆ ಕೊಡೋ ತೀರ್ಮಾನ ಮಾಡ್ತು. ಹೌದು, ಒಂದು ರೂಪಾಯಿಗೆ ಒಂದು ಪೈಸೆ ಕಡಿಮೆ. ಟಿಸಿಎಸ್ ಅಂದ್ರೆ ದೇಶದ ಅತಿ ದೊಡ್ಡ ಐಟಿ ಕಂಪನಿ, ಅವರಿಗೆ ಜಮೀನು ಕೊಳ್ಳೋಕೆ ದುಡ್ಡಿರಲಿಲ್ಲ ಅಂತ ಯಾರೂ ಹೇಳಲ್ಲ. ಅದೇ ಅಕ್ಟೋಬರಲ್ಲಿ ಗೂಗಲ್ 5 ವರ್ಷದಲ್ಲಿ 15 ಶತಕೋಟಿ ಡಾಲರ್ ಹಾಕಿ ಅಲ್ಲಿ ಎಐ ಡೇಟಾ ಸೆಂಟರ್ ಕಟ್ತೀವಿ ಅಂತು. ಆಂಧ್ರ ಇದಕ್ಕೆ ಸುಮಾರು 22,000 ಕೋಟಿ ರೂ. ರಿಯಾಯಿತಿ ಕೊಟ್ಟಿದೆ ಅಂತ ನಮ್ಮ ಸಚಿವ ಪ್ರಿಯಾಂಕ್ ಖರ್ಗೆ ಹೇಳಿದ್ರು. ಆ ಕಡೆಯ ಸಚಿವ ನಾರಾ ಲೋಕೇಶ್ ಬಿಟ್ಟಾರಾ? ಬೆಂಗಳೂರಲ್ಲಿ ಯಾರಾದ್ರೂ ರಸ್ತೆ ಗುಂಡಿ ಬಗ್ಗೆ ಬೇಜಾರು ಮಾಡ್ಕೊಂಡ್ರೆ ಸಾಕು, "ನಮ್ಮಲ್ಲಿಗೆ ಬನ್ನಿ" ಅಂತ ಪೋಸ್ಟ್ ರೆಡಿ.

ನಾವು ಮೀಮ್ ಹಂಚಿಕೊಂಡು ನಕ್ವಿ, ಆಮೇಲೆ ಹೊಟ್ಟೆ ಉರಿಸಿಕೊಂಡ್ವಿ. ಸ್ವಲ್ಪ ಸಮಾಧಾನದಿಂದ ನೋಡೋಣ.

ಡೇಟಾ ಸೆಂಟರ್‌ಗೆ ಬೇಕಾಗಿರೋದು ಮುಖ್ಯವಾಗಿ ಕರೆಂಟು, ಯಂತ್ರ ತಣ್ಣಗಿಡೋ ವ್ಯವಸ್ಥೆ, ಕೇಬಲ್ಲು. ಸಮುದ್ರದ ತಳದಲ್ಲಿ ಬರೋ ಅಂತಾರಾಷ್ಟ್ರೀಯ ಕೇಬಲ್ ದಡ ಸೇರೋ ಜಾಗವನ್ನೂ ಅಲ್ಲೇ ಮಾಡೋದು ಗೂಗಲ್ ಯೋಜನೆಯ ಭಾಗ. ಬೆಂಗಳೂರಿಗೆ ಸಮುದ್ರ ಇಲ್ಲ ಗುರು. 2024ರ ಬೇಸಿಗೆಯಲ್ಲಿ ನಮ್ಮ ಪಿಜಿಗಳಲ್ಲಿ ಸ್ನಾನಕ್ಕೇ ನೀರಿರಲಿಲ್ಲ, ನೆನಪಿದೆಯಾ? ಮತ್ತೆ ಇಂಥ ಕಟ್ಟಡ ಕಟ್ಟುವಾಗ ಜನ ಬೇಕು, ಕಟ್ಟಿದ ಮೇಲೆ ಹಾಕಿದ ದುಡ್ಡಿಗೆ ಹೋಲಿಸಿದ್ರೆ ಕೆಲಸ ತೀರಾ ಕಮ್ಮಿ. ಅದು ಕೈ ತಪ್ಪಿತು ಅಂತ ನಮ್ಮ ಕ್ಲಾಸಿನ 60 ಜನಕ್ಕೆ ಕೆಲಸ ಕೈ ತಪ್ಪಿತು ಅಂತ ಅರ್ಥ ಅಲ್ಲ.

ನನಗೆ ನಿಜವಾಗಲೂ ನೋವಾಗೋದು ವೈಜಾಗ್ ಬಗ್ಗೆ ಅಲ್ಲ. ಹೊಸೂರಿನ ಬಗ್ಗೆ.

4/9
ಈ ಫೋಟೋ ಬಸ್ ಕಿಟಕಿಯಿಂದ ತೆಗೆದದ್ದು. ಅತ್ತಿಬೆಲೆ ದಾಟಿದ ತಕ್ಷಣ ತಮಿಳುನಾಡು. ನಮ್ಮ ಊರಿನ ಹುಡುಗ ಒಬ್ಬನಿಗೆ ಆ ಕಡೆ ಅಪ್ರೆಂಟಿಸ್‌ಶಿಪ್ ಸಿಕ್ಕಿತ್ತು, ರೂಮ್ ಹುಡುಕೋಕೆ ಜೊತೆಗೆ ಹೋಗಿದ್ದೆ.

ಏಥರ್, ಓಲಾ ಎಲೆಕ್ಟ್ರಿಕ್ ಎರಡರ ಹೆಡ್ ಆಫೀಸ್ ಬೆಂಗಳೂರು. ಸ್ಕೂಟರ್ ತಯಾರಾಗೋದು ಕೃಷ್ಣಗಿರಿ ಜಿಲ್ಲೆಯಲ್ಲಿ. ಏಥರ್ ಫ್ಯಾಕ್ಟರಿ ಮೊದಲು ಬೆಂಗಳೂರಲ್ಲೇ ಇತ್ತು, ಆಮೇಲೆ ಹೊಸೂರಿಗೆ ಹೋಯ್ತು. ಅಂದ್ರೆ ಲ್ಯಾಪ್‌ಟಾಪ್ ಕೆಲಸ ಇಲ್ಲಿ, ಐಟಿಐ ಡಿಪ್ಲೊಮಾ ಕೆಲಸ ಅಲ್ಲಿ.

ಇದು ಹೊಸದಲ್ಲ. 1970ರ ದಶಕದಿಂದಲೂ ತಮಿಳುನಾಡಿನ ಸಿಪ್ಕಾಟ್ ಸಂಸ್ಥೆ ಹೊಸೂರಲ್ಲಿ ಜಾಗ, ರಸ್ತೆ, ನೀರು ಒದಗಿಸಿಕೊಂಡು ಬಂದಿದೆ. ಅಶೋಕ್ ಲೇಲ್ಯಾಂಡ್ ಬಂತು, ಟಿವಿಎಸ್ ಬಂತು. ಅವರಿಗೆ ಬಿಡಿಭಾಗ ಮಾಡಿಕೊಡೋ ಸಣ್ಣ ಘಟಕಗಳು ಬಂದ್ವು. 50 ವರ್ಷದ ಮೇಲೆ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿ ಜಾಗ ಹುಡುಕುವಾಗ, ವೆಲ್ಡರ್, ಫಿಟ್ಟರ್, ಪೇಂಟ್ ಶಾಪ್, ಟೂಲ್ ರೂಮ್ ಎಲ್ಲ ಅಲ್ಲೇ ಇತ್ತು. ಜೊತೆಗೆ ಸಬ್ಸಿಡಿಯನ್ನೂ ಕೊಟ್ರು, ನಿಜ. ಸಬ್ಸಿಡಿ ಉಪ್ಪಿನಕಾಯಿ ಇದ್ದ ಹಾಗೆ, ಊಟ ಮೊದಲೇ ತಯಾರಾಗಿತ್ತು.

ಇನ್ನೊಂದು ಕಥೆ ಟೈಟನ್‌ದು. 1984ರಲ್ಲಿ ಟಾಟಾ ಜೊತೆ ತಮಿಳುನಾಡು ಸರ್ಕಾರದ ಟಿಡ್ಕೋ ಸೇರಿ ಶುರು ಮಾಡಿದ ಕಂಪನಿ ಅದು. ವಾಚ್ ಫ್ಯಾಕ್ಟರಿ ಹೊಸೂರಲ್ಲಿ, ಕಾರ್ಪೊರೇಟ್ ಆಫೀಸು ಬೆಂಗಳೂರಲ್ಲಿ. ಆ ಸರ್ಕಾರಿ ಸಂಸ್ಥೆಯ ಕೈಯಲ್ಲಿ ಇವತ್ತಿಗೂ ಟೈಟನ್‌ನ ಕಾಲು ಭಾಗಕ್ಕಿಂತ ಹೆಚ್ಚು ಷೇರು ಇದೆ. ಕಂಪನಿ ಬೆಳೆದಂತೆಲ್ಲ ಸರ್ಕಾರದ ಆಸ್ತಿಯೂ ಬೆಳೀತು. ಫೈನಾನ್ಸ್ ಕ್ಲಾಸಲ್ಲಿ ನಮಗೆ ಇದನ್ನ ಯಾರಾದ್ರೂ ಹೇಳಿದಾರಾ? ಕೊಟ್ಟು ಕೈ ತೊಳ್ಕೊಳ್ಳೋದೊಂದು ದಾರಿ. ಕೊಟ್ಟು ಪಾಲು ಇಟ್ಕೊಳ್ಳೋದು ಇನ್ನೊಂದು.

5/9
ಈಗ ಸ್ವಲ್ಪ ದೂರ ಹೋಗೋಣ, ಅಮೆರಿಕಕ್ಕೆ. ಕಾರಣ ಇದೆ. ಇವತ್ತು ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಐಫೋನ್ ಮಾಡ್ತಿರೋ ಫಾಕ್ಸ್‌ಕಾನ್ ಕಂಪನಿಯೇ ಈ ಕಥೆಯಲ್ಲೂ ಇದೆ.

2017ರಲ್ಲಿ ವಿಸ್ಕಾನ್ಸಿನ್ ರಾಜ್ಯಕ್ಕೆ ಫಾಕ್ಸ್‌ಕಾನ್ 10 ಶತಕೋಟಿ ಡಾಲರ್ ತರುತ್ತೆ, 13,000 ಕೆಲಸ ಕೊಡುತ್ತೆ ಅಂತ ಘೋಷಣೆ ಆಯ್ತು. ರಾಜ್ಯ ಸುಮಾರು 3 ಶತಕೋಟಿ ಡಾಲರ್ ಪ್ರೋತ್ಸಾಹ ಒಪ್ಕೊಂಡ್ತು. ಅಧ್ಯಕ್ಷರೇ ಹೋಗಿ ಗುದ್ದಲಿ ಪೂಜೆ ಮಾಡಿದ್ರು. 2021ರಲ್ಲಿ ಒಪ್ಪಂದ ಪರಿಷ್ಕರಣೆ ಆದಾಗ ಎಷ್ಟು ಉಳಿದಿತ್ತು ಗೊತ್ತಾ? 67.2 ಕೋಟಿ ಡಾಲರ್ ಹೂಡಿಕೆ, 1,454 ಕೆಲಸ.

ಆದ್ರೆ ಪೂರ್ತಿ ಓದಿದಾಗ ನನಗೆ ಆಶ್ಚರ್ಯ ಆಗಿದ್ದು ಬೇರೆ ಕಡೆ. ರಾಜ್ಯದ ದುಡ್ಡು ಬಹುಪಾಲು ಉಳೀತು! ಯಾಕಂದ್ರೆ ತೆರಿಗೆ ರಿಯಾಯಿತಿ ಸಿಗೋಕೆ ಇಷ್ಟು ಜನರನ್ನ ನೇಮಿಸಿರಬೇಕು ಅಂತ ಷರತ್ತು ಇತ್ತು. ಗುರಿ ಮುಟ್ಟಲಿಲ್ಲ, ಆ ವರ್ಷಗಳ ರಿಯಾಯಿತಿ ಸಿಗಲಿಲ್ಲ. ಹೊಸ ಒಪ್ಪಂದದಲ್ಲಿ ಮಿತಿ 8 ಕೋಟಿ ಡಾಲರ್‌ಗೆ ಇಳೀತು. ಸಿಕ್ಕಿಬಿದ್ದದ್ದು ಮೌಂಟ್ ಪ್ಲೆಸೆಂಟ್ ಅನ್ನೋ ಸಣ್ಣ ಊರು. ಅವರು ಸಾಲ ಮಾಡಿ ಮೊದಲೇ ಜಮೀನು ಕೊಂಡಿದ್ರು, ಮನೆಗಳನ್ನ ಖಾಲಿ ಮಾಡಿಸಿದ್ರು, ನೀರಿನ ಪೈಪ್, ರಸ್ತೆ ಹಾಕಿದ್ರು. ಆಮೇಲೆ ಅದೇ ಜಾಗಕ್ಕೆ ಮೈಕ್ರೋಸಾಫ್ಟ್ ಡೇಟಾ ಸೆಂಟರ್ ಬಂತು, ಅದು ಆ ಊರಿನ ಅದೃಷ್ಟ.

ನಾನು ಇದರಿಂದ ಕಲಿತದ್ದು: ಕೆಲಸ ಆದ ಮೇಲೆ ಕೊಡೋ ಸಬ್ಸಿಡಿ ಮಾತು ತಪ್ಪಿದ್ರೆ ಉಳಿಯುತ್ತೆ. ಮೊದಲೇ ಕಿತ್ತುಕೊಂಡ ಜಮೀನು, ಕೆಡವಿದ ಮನೆ ವಾಪಸ್ ಬರಲ್ಲ.

ಕಾಕಾನ ಹೊಲ ಎರಡನೇ ಲೆಕ್ಕದಲ್ಲಿ ಬರುತ್ತೆ.

6/9
ನಮ್ಮ ರಾಜ್ಯಕ್ಕೆ ವಾಪಸ್ ಬರೋಣ.

ಹೂಡಿಕೆದಾರರ ಸಮಾವೇಶ ಅಂತ ಅರಮನೆ ಮೈದಾನದಲ್ಲಿ ನಡೆಯುತ್ತಲ್ಲ, 2025ರ ಫೆಬ್ರವರಿಯಲ್ಲಿ ಆದಾಗ 10.27 ಲಕ್ಷ ಕೋಟಿ ರೂ. ಹೂಡಿಕೆಯ ಮಾತು ಬಂತು ಅಂತ ಹೇಳಿದ್ರು. 2022ರಲ್ಲಿ ಬೇರೆ ಪಕ್ಷದ ಸರ್ಕಾರ ಇತ್ತು, ಆಗ 9.8 ಲಕ್ಷ ಕೋಟಿ ಅಂದಿದ್ರು. 2025-26ರಲ್ಲಿ ನಮ್ಮ ರಾಜ್ಯದ ಇಡೀ ವರ್ಷದ ಬಜೆಟ್ಟೇ ಸುಮಾರು 4 ಲಕ್ಷ ಕೋಟಿ ಇತ್ತು. ಎಂಒಯು ಅಂದ್ರೆ ನಮ್ಮ ಕಡೆ ಜಾತಕ ಕೊಟ್ಟು ಹೋದ ಹಾಗೆ. ಜಾತಕ ಹತ್ತು ಮನೆಗೆ ಹೋಗುತ್ತೆ. ಮದುವೆ ಒಂದು ಮನೇಲಿ ಆದ್ರೆ ಪುಣ್ಯ.

2010ರ ಸಮಾವೇಶದ ಹೊತ್ತಲ್ಲಿ ಎರಡು ದೊಡ್ಡ ಉಕ್ಕಿನ ಕಾರ್ಖಾನೆಗಳ ಹೆಸರು ಕೇಳಿಬಂತು. ಗದಗಿನ ಹಳ್ಳಿಗುಡಿಯಲ್ಲಿ ಪೋಸ್ಕೋ. ರೈತರು ಎದುರು ನಿಂತ್ರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ನಿಂತ್ರು, 2013ರಲ್ಲಿ ಕಂಪನಿ ಯೋಜನೆ ಕೈಬಿಡ್ತು. ಅಲ್ಲಿ ಹೊಲ ಉಳೀತು. ಬಳ್ಳಾರಿಯ ಕುಡುತಿನಿಯಲ್ಲಿ ಆರ್ಸೆಲರ್ ಮಿತ್ತಲ್. ಅಲ್ಲಿ ಸಾವಿರಾರು ಎಕರೆ ಸ್ವಾಧೀನ ಆಯ್ತು, ಉಕ್ಕಿನ ಕಾರ್ಖಾನೆ ಏಳಲಿಲ್ಲ. ರೈತರು ನ್ಯಾಯವಾದ ಬೆಲೆ ಕೊಡಿ ಅಂತ ವರ್ಷಗಟ್ಟಲೆ ಧರಣಿ ಕೂತ್ರು.

ಇದನ್ನ ನೋಡಿದ ಜನ ಮುಂದಿನ ಸಲ ಜಮೀನು ಕೇಳಿದಾಗ ಹೇಗೆ ನಂಬ್ತಾರೆ? ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆ 1,777 ಎಕರೆ ಬೇಕು ಅಂದ್ರು. ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಟ ನಡೀತು, 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಸ್ವಾಧೀನ ಕೈಬಿಟ್ಟೆವು ಅಂದ್ರು. ಕ್ಲಾಸಲ್ಲಿ "ರೈತರೇ ಸಮಸ್ಯೆ" ಅಂದವರಿಗೆ ನನ್ನ ಪ್ರಶ್ನೆ: ಒಂದು ಸಲ ಕೊಟ್ಟ ಮಾತು ಉಳಿಸಿಕೊಂಡಿದ್ರೆ ಎರಡನೇ ಸಲ ಇಷ್ಟು ಕಷ್ಟ ಆಗ್ತಿತ್ತಾ? ನಮ್ಮ ಕಾಕಾ ಹೋರಾಟ ಮಾಡಿದವರಲ್ಲ. ನಂಬಿ ಸಹಿ ಹಾಕಿದವರು. ಇವತ್ತು ಅವರು ಹೇಳೋದು ಒಂದೇ ಮಾತು: "ದುಡ್ಡು ತಿಂದು ಮುಗೀತು, ಹೊಲ ಇದ್ದಿದ್ರ ಮುಗೀತಿರಲಿಲ್ಲ."

7/9
ಹಾಗಂತ ಕೈಗಾರಿಕೆ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು, ನಮ್ಮ ಕಡೆಗೇ ಮೊದಲು ಬೇಕು.

2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಲೆಕ್ಕ ಹಾಕ್ತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 26 ಉತ್ತರ ಕರ್ನಾಟಕದವು. ನಮ್ಮ ತಾಲೂಕು ಆ ಪಟ್ಟಿಯಲ್ಲಿದೆ. ನಾನು ಹುಟ್ಟೋ ಮೊದಲೇ ಬಂದ ಪಟ್ಟಿ ಅದು.

ಸರ್ಕಾರದ 2025-30ರ ಕೈಗಾರಿಕಾ ನೀತಿಯೂ ರಾಜ್ಯವನ್ನ ಮೂರು ವಲಯ ಮಾಡಿದೆ. ಬೆಂಗಳೂರು ನಗರ, ಗ್ರಾಮಾಂತರ ಮೂರನೇ ವಲಯ. ಹಿಂದುಳಿದ ಕಡೆ ಹೋದ್ರೆ ಹೆಚ್ಚು ಪ್ರೋತ್ಸಾಹ. ಒಳ್ಳೇದೇ. ಆದ್ರೆ ಮ್ಯಾನೇಜರ್ ಒಬ್ಬರು ನಮ್ಮೂರಿಗೆ ಬಂದ್ರೆ ಮೊದಲು ಕೇಳೋದು: ಮಕ್ಕಳಿಗೆ ಶಾಲೆ ಎಲ್ಲಿ, ರಾತ್ರಿ ಎದೆನೋವು ಬಂದ್ರೆ ಆಸ್ಪತ್ರೆ ಎಷ್ಟು ದೂರ, ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತೆ, ಸಿಎನ್‌ಸಿ ಮಷಿನ್ ಓಡಿಸೋಕೆ ಬರೋ ಹುಡುಗರು ಸಿಗ್ತಾರಾ. ಇದಕ್ಕೆಲ್ಲ ಸಬ್ಸಿಡಿ ಉತ್ತರ ಕೊಡಲ್ಲ.

ಬೆಳಗಾವಿ ನೋಡಿ. ಉದ್ಯಮಬಾಗ್‌ನಲ್ಲಿ ದಶಕಗಳಿಂದ ಫೌಂಡ್ರಿ, ಹೈಡ್ರಾಲಿಕ್ಸ್ ಕೆಲಸ ನಡೀತಿದೆ. ಲೋಹ ಎರಕ ಹೊಯ್ಯೋದು, ಕೊರೆಯೋದು ಅಲ್ಲಿನ ಜನಕ್ಕೆ ಕೈಗೂಡಿದ ವಿದ್ಯೆ. ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜು ಇವೆ. ಪಕ್ಕದ ಹತ್ತರಗಿಯಲ್ಲಿ ಏಕಸ್ ಕಂಪನಿ ಏರ್‌ಬಸ್ ವಿಮಾನಕ್ಕೆ ಬಿಡಿಭಾಗ ಮಾಡೋ ಘಟಕ ಕಟ್ತು. ಬೆಂಗಳೂರಿಂದ 500 ಕಿ.ಮೀ. ದೂರದಲ್ಲಿ ವಿಮಾನದ ಭಾಗ ಆಗುತ್ತೆ ಅಂದ್ರೆ ನಂಬ್ತೀರಾ? ವಿಶೇಷ ಆರ್ಥಿಕ ವಲಯದ ತೆರಿಗೆ ರಿಯಾಯಿತಿ ಅಲ್ಲೂ ಇದೆ. ಆದ್ರೆ ಅದೇ ರಿಯಾಯಿತಿಯನ್ನ ಜಾಲಿ ಬೆಳೆದ ನಮ್ಮ ಹೊಲಕ್ಕೆ ಕೊಟ್ಟಿದ್ರೆ ವಿಮಾನದ ಬೋಲ್ಟು ಆಗ್ತಿರಲಿಲ್ಲ. ಕೈ ಕೆಲಸ ಬಲ್ಲ ಜನ ಮೊದಲು ಬೇಕು.

8/9
ಕಾಮೆಂಟಲ್ಲಿ ಏನು ಬರುತ್ತೆ ಅಂತ ಗೊತ್ತು. ಮೊದಲೇ ಉತ್ತರ ಕೊಡ್ತೀನಿ.

"ನಾವು ಡಿಸ್ಕೌಂಟ್ ನಿಲ್ಲಿಸಿದ್ರೆ ಪಕ್ಕದವರು ಕೊಡ್ತಾರಲ್ಲ?" ಕೊಡ್ತಾರೆ. ಅದಕ್ಕೇ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಒಂದು ವ್ಯತ್ಯಾಸ ಗಮನಿಸಿ. 2008ರಲ್ಲಿ ನ್ಯಾನೋ ಕಾರ್ಖಾನೆ ಬಂಗಾಳದ ಸಿಂಗೂರು ಬಿಟ್ಟಾಗ ಗುಜರಾತ್ ಅದನ್ನ ಸಾನಂದಕ್ಕೆ ಕರ್ಕೊಂಡ್ತು, ದೊಡ್ಡ ರಿಯಾಯಿತಿ ಕೊಟ್ಟೇ. ನ್ಯಾನೋ ಸೋತಿತು. ಫೋರ್ಡ್ ಬಂತು, ಅದೂ ಮುಚ್ಚಿಕೊಂಡು ಹೋಯ್ತು. ಆದ್ರೂ ಸಾನಂದ ಖಾಲಿ ಆಗಲಿಲ್ಲ. ಫೋರ್ಡ್ ಕಾರ್ಖಾನೆಯನ್ನ ಟಾಟಾ ತಗೊಂಡ್ತು, ಮೈಕ್ರಾನ್ ಚಿಪ್ ಘಟಕ ಬಂತು. ಒಂದು ಕಂಪನಿಗೆ ಕೊಟ್ಟದ್ದು ಆ ಕಂಪನಿ ಜೊತೆ ಹೋಗುತ್ತೆ. ರಸ್ತೆ, ಕರೆಂಟು, ಕಲಿತ ಜನ ಊರಲ್ಲೇ ಉಳಿದು ಮುಂದಿನವರನ್ನ ಕರೆಯುತ್ತೆ.

"ಕನ್ನಡಿಗರಿಗೆ ಕೆಲಸ ಕೊಡಿ ಅಂತ ಕಾನೂನು ಮಾಡಿದ್ರೆ ಕಂಪನಿ ಓಡಿಹೋಗುತ್ತೆ." 2024ರ ಜುಲೈಯಲ್ಲಿ ಆಡಳಿತ ಹುದ್ದೆಗೆ 50%, ಉಳಿದದ್ದಕ್ಕೆ 70% ಸ್ಥಳೀಯರು ಅನ್ನೋ ಮಸೂದೆ ಬಂತು. ಗಲಾಟೆ ಆಗಿ ಒಂದೆರಡು ದಿನದಲ್ಲೇ ತಡೆ ಬಿತ್ತು. ಎಲ್ಲ ಕಂಪನಿಗೂ ಹೇರೋದು ಸರಿಯಾ ಅನ್ನೋದು ದೊಡ್ಡ ಚರ್ಚೆ, ನನಗೂ ಅನುಮಾನ ಇದೆ. ಆದ್ರೆ ಸರ್ಕಾರದ ದುಡ್ಡು ತಗೊಳ್ಳೋ ಕಂಪನಿಗೆ ಷರತ್ತು ಹಾಕೋದ್ರಲ್ಲಿ ತಪ್ಪೇನಿದೆ? ನಮ್ಮ ಹಿಂದಿನ ಕೈಗಾರಿಕಾ ನೀತಿಗಳಲ್ಲೇ ಪ್ರೋತ್ಸಾಹ ಪಡೆಯುವವರು 70% ಕನ್ನಡಿಗರಿಗೆ ಕೆಲಸ ಕೊಡಬೇಕು ಅಂತ ಇದೆ. ಹೊಸ ಕಾನೂನಿಗಿಂತ ಮೊದಲು ಹಳೇ ಷರತ್ತಿನ ಲೆಕ್ಕ ನೋಡೋಣ.

"ನೀನು ಬೆಂಗಳೂರಲ್ಲಿ ಓದಿ ಬೆಂಗಳೂರಲ್ಲೇ ಕೆಲಸ ಹುಡುಕ್ತೀಯಲ್ಲ?" ಹೌದು. ಇದು ಚುಚ್ಚುತ್ತೆ. ನನಗೆ ಬೇರೆ ದಾರಿ ಕಾಣ್ತಿಲ್ಲ, ಅದನ್ನೇ ಹೇಳೋಕೆ ಇಷ್ಟೆಲ್ಲ ಬರೆದೆ.

9/9
ಕೊನೇದಾಗಿ, ನಾನು ಕೇಳೋದು ನಾಲ್ಕು.

ಒಂದು, ಯಾವ ಕಂಪನಿಗೆ ಯಾವ ವರ್ಷ ಎಷ್ಟು ರಿಯಾಯಿತಿ, ಎಷ್ಟು ಕೆಲಸದ ಭರವಸೆ, ಎಷ್ಟು ಕೆಲಸ ಆಗಿದೆ: ಹೆಸರು ಹಾಕಿದ್ರೆ ಮೊಬೈಲಲ್ಲಿ ಕಾಣೋ ಒಂದು ಪುಟ, ಕನ್ನಡದಲ್ಲಿ. ಕೇಂದ್ರ ಸರ್ಕಾರ ತೆರಿಗೆ ವಿನಾಯಿತಿಯಿಂದ ಎಷ್ಟು ಆದಾಯ ಬಿಟ್ಟುಕೊಟ್ಟಿತು ಅಂತ ಪ್ರತಿ ವರ್ಷ ಬಜೆಟ್ ಜೊತೆ ಹೇಳುತ್ತೆ. ಅಮೆರಿಕದಲ್ಲಿ ಸ್ಥಳೀಯ ಸರ್ಕಾರಗಳು ಕೊಟ್ಟ ತೆರಿಗೆ ರಿಯಾಯಿತಿಯನ್ನ ಲೆಕ್ಕಪತ್ರದಲ್ಲಿ ತೋರಿಸಬೇಕು ಅನ್ನೋ ನಿಯಮ 2015ರಲ್ಲಿ ಬಂತು. ಆಗದೇ ಇರೋ ಕೆಲಸ ಏನಲ್ಲ.

ಎರಡು, ಸಬ್ಸಿಡಿ ಉತ್ಪಾದನೆ ಮತ್ತು ಕೆಲಸ ನೋಡಿ ಆಮೇಲೆ ಕೊಡಲಿ. ಹೊಸ ನೀತಿಯಲ್ಲಿ ಉತ್ಪಾದನೆಗೆ ತಕ್ಕ ಪ್ರೋತ್ಸಾಹದ ದಾರಿಯೂ ಇದೆ. ಅದೇ ಮುಖ್ಯ ದಾರಿ ಆಗಲಿ.

ಮೂರು, ತಗೊಂಡ ಜಮೀನಲ್ಲಿ ಇಂತಿಷ್ಟು ವರ್ಷದಲ್ಲಿ ಕಾರ್ಖಾನೆ ಏಳದಿದ್ರೆ ರೈತರಿಗೆ ವಾಪಸ್. ಅಥವಾ ಮೊದಲಿಂದಲೇ ಗುತ್ತಿಗೆ, ವರ್ಷ ವರ್ಷ ಬಾಡಿಗೆ. ಟೈಟನ್‌ನಲ್ಲಿ ಸರ್ಕಾರ ಪಾಲುದಾರ ಆಗಬಹುದಾದ್ರೆ ಕಾಕಾ ಯಾಕಾಗಬಾರದು?

ನಾಲ್ಕು, ಹಿಂದುಳಿದ ತಾಲೂಕಿಗೆ ಕಂಪನಿ ಕರೆಯೋ ಮೊದಲು ಒಂದು ಒಳ್ಳೇ ಐಟಿಐ, ಒಂದು ಆಸ್ಪತ್ರೆ, ನಿಲ್ಲದ ಕರೆಂಟು ಕೊಡಿ. ಕಂಪನಿ ಬರದೇ ಹೋದ್ರೂ ಅವು ನಮ್ಮ ಹತ್ರ ಇರುತ್ತೆ.

ಇದನ್ನೆಲ್ಲ ಕೇಳೋಕೆ ನಾವ್ಯಾರು ಅಂತೀರಾ? ಬರೋ ವರ್ಷ ನಮ್ಮಲ್ಲಿ ಕೆಲವರಿಗೆ ಕೆಲಸ ಸಿಗುತ್ತೆ. ತಿಂಗಳಿಗೆ 25,000 ರೂ. ಮುಟ್ಟಿದ್ರೆ ಸಂಬಳದ ಚೀಟಿಯಲ್ಲಿ 200 ರೂ. ವೃತ್ತಿ ತೆರಿಗೆ ಅಂತ ಕಟ್ ಆಗಿರುತ್ತೆ, ಫೆಬ್ರವರಿಯಲ್ಲಿ 300. ವರ್ಷಕ್ಕೆ 2,500. ಅದು ನೇರ ರಾಜ್ಯದ ಖಜಾನೆಗೆ ಹೋಗುತ್ತೆ. ನಮಗೆ ಅದರಲ್ಲಿ ಯಾರೂ ಡಿಸ್ಕೌಂಟ್ ಕೊಡಲ್ಲ. ಲೆಕ್ಕ ಕೇಳೋಕೆ ಇಷ್ಟು ಸಾಕು.

ಮೊದಲನೇ ಫೋಟೋಗೆ ಒಂದು ಸಲ ವಾಪಸ್ ಹೋಗಿ ನೋಡಿ. ಬೋರ್ಡಿನ ಹಿಂದೆ ಜಾಲಿ ನಡುವೆ ಒಂದು ಸಣ್ಣ ಹಸಿರು ಪಟ್ಟಿ ಕಾಣುತ್ತೆ. ಅದು ಕಾಕಾ. ಯಾರೂ ಬರದ ಜಾಗದಲ್ಲಿ ಒಂದಿಷ್ಟು ಕಡೆ ಜಾಲಿ ಕಡಿದು ಈ ಸಲವೂ ತೊಗರಿ ಹಾಕಿದಾರೆ. "ಕಂಪನಿಯವರು ಬರೋ ತನಕ" ಅಂತಾರೆ.

ನಿಮ್ಮೂರಲ್ಲೂ ಇಂಥ ಬೋರ್ಡ್ ಇದ್ರೆ ಫೋಟೋ ಕಳಿಸಿ, ಊರು ಮತ್ತು ವರ್ಷ ಬರೀರಿ. ಸ್ಟೋರಿಯಲ್ಲಿ ಹಾಕ್ತೀನಿ. ಒಪ್ಪದವರು ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ, ಆದ್ರೆ ಲೆಕ್ಕ ಇಟ್ಕೊಂಡು.

#ಕೈಗಾರಿಕೆ #ನಮ್ಮೂರಿಗೆಕೆಲಸ #ಲೆಕ್ಕಕೊಡಿ #ಕಲ್ಯಾಣಕರ್ನಾಟಕ #ಕನ್ನಡ